ಅಂಗಳದ ಹಗೇವು ತುಂಬಿಲ್ಲ, ಕಾಕಾ

ರಾಜಶೇಖರ ಕಾಕಾ ಅವರಿಗೆ, ನಿಮ್ಮ ಅಣ್ಣನ ಮಗಳು ಗೀತಾಂಜಲಿ ಮಾಡುವ ನಮಸ್ಕಾರ.

ಫೋನ್ ಮಾಡಿದರೆ ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ. ಗೌಂಡಿ ಲಾಲಸಾಬ ಮಾಮಾ ಸಿಮೆಂಟಿಗೆಂದು ಹುಬ್ಬಳ್ಳಿಗೆ ಬರುತ್ತಿದ್ದಾರೆ, ದೇಶಪಾಂಡೆ ನಗರದ ನಿಮ್ಮ ಬೀಗರ ಮನೆಗೇ ತಂದು ಕೊಡುತ್ತಾರೆ. ಹರಿದು ಒಗೆಯುವ ಮೊದಲು ಒಂದು ಸಲ ಓದಿರಿ.

ಅಂಗಳಕ್ಕೆ ಕಾಂಕ್ರೀಟ್ ಹಾಕಿಸುತ್ತೀರಿ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಮಣ್ಣು ತೆಗೆಸಿ, ಗರಸು ಮಣ್ಣು ಹಾಕಿಸಿ, ನೀರು ಕುಡಿಸಿ, ದಿಮ್ಮಸಿನಿಂದ ಬಡಿಸಿದಿರಿ. ಆಳುಗಳ ಜೊತೆ ನಾನೂ ಬಡಿದೆ. ಬೇವಿನ ಗಿಡದ ಬದಿಗೆ ಮಾತ್ರ ಅಗೆಯಲು ಬಿಡಲಿಲ್ಲ ನೀವು. "ಅಲ್ಲೇನ ಬ್ಯಾಡ, ಮೊದಲ ಗಟ್ಟಿ ಐತಿ" ಎಂದಿರಿ.

ಗಟ್ಟಿ! ಲಾಲಸಾಬ ಮಾಮಾ ಅಲ್ಲಿ ದಿಮ್ಮಸು ಎತ್ತಿ ಹಾಕಿದರೆ ಖಾಲಿ ಹಂಡೆ ಬಡಿದ ಹಾಗೆ ಸಪ್ಪಳವಾಯಿತು.

"ಸಾವಕಾರ, ಒಳಗ ಹಗೇವು ಐತೇನ್ರಿ?"

"ಇತ್ತೋ ಮಾರಾಯಾ. ಎಂದೋ ತುಂಬಿಸೇನಿ. ನೀ ಬಡಿ."

ಆ ಕಾಳಿನ ಹಗೇವಿಗೆ ಮಣ್ಣು ತುಂಬಿಸಿಲ್ಲ ಎಂದು ನಾನು ಅಂದೆ. ಎಲ್ಲರೆದುರು ನೀವು ನಕ್ಕಿರಿ. "ಒಂಬತ್ತನೇತ್ತಾ ಮುಗಸಲಾರದಾಕಿ ನನಗ ಖರೇ ಸುಳ್ಳು ಕಲಸಾಕ ಬಂದಾಳ ನೋಡ್ರಿ!"

ಸಾಲಿ ಬಿಟ್ಟದ್ದು ಖರೇ, ಕಾಕಾ. ಒಂದು ಕಡೆ ಕೂರುವುದು ನನ್ನಿಂದ ಆಗಲಿಲ್ಲ. ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ. ಅವ್ವ ಹೇಳುವಂತೆ ಟೈಫಾಯ್ಡ್ ಆಗಿತ್ತು ಎನ್ನುವುದಿಲ್ಲ. ಆದರೆ ಅಪ್ಪ ಹೋದ ದಿನದಿಂದ ನೀವು ಹಗೇವಿನ ಬಾಯಿಯ ಕಲ್ಲನ್ನು ಎಂದೂ ಎತ್ತಿಲ್ಲ, ಎತ್ತುವ ಧೈರ್ಯ ನಿಮಗಿಲ್ಲ. ಅದು ನನಗೂ ಗೊತ್ತು, ಅವ್ವನಿಗೂ ಗೊತ್ತು.

ನಾನು ಆಗ ಸಣ್ಣವಳು. ಬಿತ್ತಲು ಜೋಳ ಬೇಕಾಗಿ ಆ ನೆಲದೊಳಗಿನ ಕಣಜದ ಬಾಯಿ ತೆಗೆದಿದ್ದಿರಿ. ಮುಚ್ಚಿದ ಹಗೇವಿನಲ್ಲಿ ವಿಷಗಾಳಿ ಇರುತ್ತದೆ, ಗಾಳಿಯಾಡಲು ಬಿಡಬೇಕು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು, ದೀಪ ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ಅಪ್ಪ ಕಾಯಲಿಲ್ಲ. "ಲಗೂ ಇಳದು ಲಗೂ ಬರ್ತೇನಿ, ಹಗ್ಗಾ ಹಿಡಿ" ಎಂದನಂತೆ. ಬರಲಿಲ್ಲ. ಅವನನ್ನು ತರಲು ಇಳಿದ ನೀವೂ ಅರ್ಧದಲ್ಲೇ ಎಚ್ಚರ ತಪ್ಪಿದಿರಿ. ಓಣಿಯವರು ನಿಮ್ಮನ್ನು ಎಳೆದು ಹಾಕಿದರು. ಅಂದಿನಿಂದ ಹಗೇವು ಎಂಬ ಮಾತೇ ನಮ್ಮ ಮನೆಯಲ್ಲಿ ಇಲ್ಲ.

ಅಪ್ಪ ಹೋದದ್ದಕ್ಕೆ ನಿಮ್ಮನ್ನು ನಾನು ಎಂದೂ ದೂರಿಲ್ಲ. ನೀವು ಜೀವ ಒತ್ತೆಯಿಟ್ಟು ಇಳಿದಿರಿ. ನನ್ನ ಸಿಟ್ಟು ಈಗಿನದು. ಪೊಳ್ಳು ನೆಲದ ಮೇಲೆ ಕಬ್ಬಿಣದ ಜಾಳಿಗೆ ಹಾಸಿ, ಕಾಂಕ್ರೀಟ್ ಸುರಿದು, ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುವವರು ನೀವು. ಅವ್ವ ಮೆಣಸಿನಕಾಯಿ ಒಣಹಾಕುವುದು ಅಲ್ಲೇ. ಓಣಿಯ ಹುಡುಗರು ಆಡುವುದೂ ಅಲ್ಲೇ. ಒಂದು ದಿನ ಅದು ಕುಸಿದರೆ ಯಾರ ಮುಂದೆ "ಎಂದೋ ತುಂಬಿಸೇನಿ" ಅನ್ನುತ್ತೀರಿ? ನಿಮಗೆ ನೋಡಲು ಆಗದಿದ್ದರೆ "ನನಗ ಆಗೂದಿಲ್ಲ" ಎನ್ನಬೇಕಿತ್ತು. ನಾನು ಇರಲಿಲ್ಲವೇ? ಅದನ್ನು ಬಿಟ್ಟು ಸಿಟ್ಟು ಮಾಡಿ ಹುಬ್ಬಳ್ಳಿಗೆ ಹೋಗಿ ಕೂತಿರಿ, "ನಾ ಬರೂದರಾಗ ಹಾಕಿ ಮುಗಸ್ರಿ" ಎಂದು!

ಮುಗಿಸಿಲ್ಲ. ನೀವು ಹೋದ ಮೇಲೆ ಲಾಲಸಾಬ ಮಾಮಾಗೆ ಎಲ್ಲ ಹೇಳಿದೆ. ಅವರು ಹಾರೆ ಹಾಕಿ ಕಲ್ಲು ಸರಿಸಿದರು. ಕಂದೀಲು ಇಳಿಬಿಟ್ಟೆ. ಅಷ್ಟು ಆಳವೂ ಹೋಗಲಿಲ್ಲ, ಆರಿತು. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಹೇಳಿದ್ದು ಇಷ್ಟೇ: "ನಿಮ್ಮ ಕಾಕಾಗ ಬೈಬ್ಯಾಡ. ಆದರ ತುಂಬಿಸು."

ಈಗ ಬಾಯಿಗೆ ಹಗ್ಗದ ಹೊರಸು ಅಡ್ಡ ಇಟ್ಟು ಕಾಯುತ್ತಿದ್ದೇವೆ. ಗರಸು ಓಣಿಯಲ್ಲಿ ಬಿದ್ದಿದೆ. ಯಾರೂ ಒಳಗೆ ಇಳಿಯುವುದು ಬೇಡ, ಮೇಲಿನಿಂದಲೇ ಸುರಿಯುತ್ತೇವೆ. ಮೊದಲ ಬುಟ್ಟಿ ನಿಮ್ಮದಾಗಲಿ, ಕಾಕಾ. ಒಳಗೆ ಬಗ್ಗಿ ನೋಡಬೇಡಿ, ಅಂಚಿಗೂ ಬರಬೇಡಿ. ಬುಟ್ಟಿ ಮುಟ್ಟಿ ಕೊಡಿ, ಸಾಕು, ನಾನು ಹಾಕುತ್ತೇನೆ. ಬರದಿದ್ದರೂ ನಾಳೆ ಕೆಲಸ ನಿಲ್ಲುವುದಿಲ್ಲ. ಆದರೆ ಕೇಳಿದವರಿಗೆಲ್ಲ ಈಗಷ್ಟೇ ತುಂಬಿಸಿದೆವು ಎಂದೇ ಹೇಳುತ್ತೇನೆ. ಎಂದೋ ತುಂಬಿಸಿತ್ತು ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ದೊಡ್ಡವರು ನೀವು, ಕಾಲು ಮುಟ್ಟಿ ನಮಸ್ಕರಿಸುತ್ತೇನೆ. ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಶಿವ ನಿಮ್ಮನ್ನು ನೂರು ವರ್ಷ ಇಡಲಿ, ನಾಳೆ ಮುಂಜಾನೆಯ ಬಸ್ಸಿಗೆ ಹತ್ತಿಸಲಿ.

ನಿಮ್ಮ ಕೈಯಲ್ಲೇ ಬೆಳೆದ,
ಗೀತಾಂಜಲಿ