ವ್ಯಾನಿನ ಕೆಳಗಿನ ರಟ್ಟು

ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ,

ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ ಇದು, ಸಾಲದ್ದಕ್ಕೆ ಬೆರಳ ಸಂದಿಯಲ್ಲಿ ಇನ್ನೂ ಎಣ್ಣೆ ಇದೆ. ಕಾಗುಣಿತ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ನೀನು ಅಮ್ಮನ ಜೊತೆ ಮಾತಾಡಿ ಮುಗಿಸಿ, ಅವಳಿಗೆ ಕೊಡು ಅಂದಾಗಲೆಲ್ಲ ನನ್ನ ಬಾಯಿ ತುಕ್ಕು ಹಿಡಿದ ನಲ್ಲಿಯಂತಾಗುತ್ತದೆ. "ಊಟ ಆಯ್ತಾ" ಅನ್ನುವುದು ಬಿಟ್ಟರೆ ಒಂದು ಹನಿ ಬರುವುದಿಲ್ಲ. ಇವತ್ತಿನ ಮಾತು ಅಷ್ಟು ಚಿಕ್ಕದಲ್ಲ.

ವ್ಯಾನಿನ ವಿಷಯ. ಸೋಮವಾರ ಅದನ್ನು ಗುಜರಿಯವನಿಗೆ ಕೊಟ್ಟುಬಿಡುತ್ತೇನೆ ಅಂತ ಅಪ್ಪ ಹೋದ ವಾರ ಹೇಳಿದರು. ಇಂಜಿನ್ ಗಟ್ಟಿಯಾಗಿಯೇ ಇದೆ. ಆದರೆ ಪವರ್ ಸ್ಟೀರಿಂಗಿನ ಎಣ್ಣೆ ಸೋರಿ ಸೋರಿ, ತಿರುಗಿಸಿದರೆ ಗುರ್ ಅನ್ನುತ್ತದೆ, ಕಲ್ಲು ಕಟ್ಟಿದಷ್ಟು ಭಾರ. ಅಪ್ಪನ ಬಲ ಭುಜ ಈಗ ಅದಕ್ಕೆ ಒಪ್ಪುವುದಿಲ್ಲ. ನಾನು ಓಡಿಸುತ್ತೇನೆ ಅಂದರೆ, "ನಿನ್ನ ತೂಕಕ್ಕೆ ಸ್ಟೀರಿಂಗೇ ನಿನ್ನನ್ನ ತಿರುಗಿಸುತ್ತೆ" ಅಂತ ನಕ್ಕರು.

ನನಗೆ ಎರಡು ದಿನ ಕೊಡಿ ಅಂತ ಕೇಳಿದೆ. ಅಪ್ಪ ನನ್ನ ಮುಖವನ್ನೇ ತುಂಬ ಹೊತ್ತು ನೋಡಿ ಹೂಂ ಅಂದರು. ಅಷ್ಟು ಹೊತ್ತು ಏಕೆ ನೋಡಿದರು ಅಂತ ನನಗೆ ಆಗ ಹೊಳೆಯಲಿಲ್ಲ.

ಬುಧವಾರ ವ್ಯಾನಿನ ಕೆಳಗೆ ಮಲಗಿದಾಗ ಎಲ್ಲ ನೆನಪಾಯಿತು ಅಣ್ಣ. ಹಿಂದುಗಡೆ ಪೈಪುಗಳ ಮೇಲೆ ಗೋಣಿಚೀಲ ಹಾಸಿಕೊಂಡು ನಾವು ಕೂರುತ್ತಿದ್ದದ್ದು, ಅಪ್ಪ ತಿರುವಿನಲ್ಲಿ "ಹಿಡ್ಕೊಳ್ರೋ" ಅಂತ ಕೂಗುತ್ತಿದ್ದದ್ದು. ಯಾರ ಎದುರೂ ಬಾಯಿ ಬಿಡದ ನಾನು, ಪೈಪಿನ ಒಂದು ತುದಿ ನಿನ್ನ ಕಿವಿಗೆ ಇಟ್ಟರೆ ಮಾತ್ರ ಇನ್ನೊಂದು ತುದಿಯಿಂದ ಪಟಪಟ ಮಾತಾಡುತ್ತಿದ್ದೆ. "ಇವಳಿಗೆ ಗಂಡು ಹುಡುಕುವಾಗ ಒಂದು ಪೈಪೂ ಕೊಟ್ಟು ಕಳಿಸ್ಬೇಕು" ಅಂತ ಅಮ್ಮ ಅನ್ನುತ್ತಿದ್ದಳು. ಅಮ್ಮ ಈಗಲೂ ವ್ಯಾನನ್ನು ಸವತಿ ಅಂತಲೇ ಕರೆಯುವುದು. ಅಪ್ಪ ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತಾರಂತೆ.

ಈ ಪತ್ರವನ್ನೂ ಆ ಪೈಪು ಅಂದುಕೋ. ಹೇಳುತ್ತೇನೆ.

ನೀನು ಸ್ಟೀರಿಂಗಿನ ಎಣ್ಣೆ ಹೋಗುವ ಪೈಪನ್ನು, ಅದೇ ಹೋಸನ್ನು, ಹೊಸದಾಗಿ ಹಾಕಿದ ದಿನ ನನಗೆ ಹದಿಮೂರು ವರ್ಷ. ವರ್ಕ್‌ಶಾಪಿಗೆ ಸೇರಿ ನಿನಗೆ ನಾಲ್ಕು ತಿಂಗಳಾಗಿತ್ತು. ಟಾರ್ಚು ಹಿಡಿಯಲು ನನ್ನನ್ನು ಕೆಳಗೆ ಮಲಗಿಸಿಕೊಂಡಿದ್ದೆ. ಹೋಸು ಪಂಪಿಗೆ ಸೇರುವ ಕಡೆ ನಟ್ಟು ಬಿಗಿ ಮಾಡಿ, ಕೆಳಗೆ ರಟ್ಟು ಹಾಸಿ, "ಬಾಯಿ ಸುಳ್ಳು ಹೇಳುತ್ತೆ ಕಣೇ, ರಟ್ಟು ಹೇಳಲ್ಲ. ನಾಳೆ ಹನಿ ಬಿದ್ದಿಲ್ಲ ಅಂದ್ರೆ ಕೆಲಸ ಸರಿ" ಅಂದು ಊಟಕ್ಕೆ ಎದ್ದು ಹೋದೆ.

ನೀನು ಆ ನಟ್ಟಿಗೆ ಟೇಪು ಸುತ್ತಲಿಲ್ಲ.

ನಮ್ಮದು ಪ್ಲಂಬರ್ ಮನೆ. ನೀರು ಸೋರದ ಹಾಗೆ ಟೇಪು ಸುತ್ತದೆ ನಟ್ಟು ಹಾಕಿದವನ ಕೈ ಮುರೀಬೇಕು ಅಂತ ಅಪ್ಪ ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಅಮ್ಮ ಎಣ್ಣೆ ಡಬ್ಬಿಯ ಮುಚ್ಚಳಕ್ಕೂ ಸುತ್ತುತ್ತಿದ್ದಳು. ಅಣ್ಣ ಮರೆತಿದ್ದಾನೆ, ಅಪ್ಪ ನೋಡಿದರೆ ಬೈಯುತ್ತಾರೆ ಅಂತ ನನಗೆ ಭಯವಾಯಿತು. ನೀನು ಊಟ ಮುಗಿಸುವಷ್ಟರಲ್ಲಿ ನಾನು ನಟ್ಟು ಬಿಚ್ಚಿ, ಅಪ್ಪನ ಚೀಲದ ಬಿಳಿ ಟೇಪನ್ನು ಮೂರು ಸುತ್ತು ಸುತ್ತಿ, ಮತ್ತೆ ಬಿಗಿ ಮಾಡಿದೆ. ಲಂಗಕ್ಕೆ ಕೆಂಪು ಎಣ್ಣೆ ಹತ್ತಿತು. ದಾಳಿಂಬೆ ಕಲೆ ಅಂತ ಅಮ್ಮನಿಗೆ ಹೇಳಿದೆ. ಮನೆಯಲ್ಲಿ ದಾಳಿಂಬೆ ಎಲ್ಲಿತ್ತು ಅಂತ ಅಮ್ಮ ಎರಡು ದಿನ ಹುಡುಕಿದಳು.

ಅಲ್ಲಿ ಎಣ್ಣೆ ತಡೆಯುವುದು ನಟ್ಟಿನ ಸುರುಳಿ ಥ್ರೆಡ್ ಅಲ್ಲ, ಒಳಗಿನ ರಬ್ಬರ್ ರಿಂಗು ಅಂತ ನನಗೆ ಹೇಗೆ ಗೊತ್ತಿರಬೇಕು? ಟೇಪು ಒಳಗೆ ಮುದುರಿ ರಿಂಗು ಸರಿಯಾಗಿ ಕೂರದಂತೆ ಮಾಡಿತು.

ಮೂರನೇ ದಿನ ಏನಾಯಿತು ಅಂತ ನಿನಗೆ ಗೊತ್ತು. ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಿತು, ವ್ಯಾನು ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ಉಜ್ಜಿತು, ಎಳೆದು ತಿರುಗಿಸಲು ಹೋಗಿ ಅಪ್ಪನ ಭುಜ ಉಳುಕಿತು. ಅಂಗಡಿಯವರೆಲ್ಲರ ಎದುರು ಅಪ್ಪ, "ಒಂದು ನಟ್ಟು ಬಿಗಿ ಮಾಡೋಕೆ ಬರಲ್ಲ, ಇವನು ಮೆಕ್ಯಾನಿಕ್ಕಂತೆ!" ಅಂದರು. "ನಾನು ಬಿಗಿ ಮಾಡಿದಾಗ ಸೋರಿರಲಿಲ್ಲ, ಯಾರೋ ಕೈ ಹಾಕಿದ್ದಾರೆ" ಅಂತ ನೀನು ಹೇಳಿದೆ. "ಯಾರು? ನಿಮ್ಮಜ್ಜ ಎದ್ದು ಬಂದಿದ್ನಾ? ಇನ್ಮೇಲೆ ನನ್ನ ಗಾಡಿ ಮುಟ್ಟಬೇಡ" ಅಂದರು.

ನಾನು ಅಲ್ಲೇ ಇದ್ದೆ. ಆಗ ನನಗೆ ಏನೂ ತಿಳಿಯಲಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ. ಅದು ಅರ್ಧ ಸುಳ್ಳು. ನೀನು ಯಾರೋ ಅಂದಾಗ ನನಗೆ ಆ ಮೂರು ಸುತ್ತು ಟೇಪು ನೆನಪಾಗಿತ್ತು. ಮಾರನೆಯ ದಿನ ನೀನು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, "ಇದನ್ನ ತುಕ್ಕು ಹಿಡಿಸ್ಬೇಡ" ಅಂತ ಹೇಳಿ ಊರು ಬಿಟ್ಟು ಬಸ್ ಹತ್ತಿದೆ. ಆಗಲೂ ಬಾಯಿ ಬರಲಿಲ್ಲ. ಆರು ವರ್ಷವಾಯಿತು. ಸ್ಪ್ಯಾನರಿಗೆ ತುಕ್ಕು ಹಿಡಿದಿಲ್ಲ.

ಬುಧವಾರ ಅದರಿಂದಲೇ ಬಿಚ್ಚಿದೆ. ನಟ್ಟು ಬರುತ್ತಲೇ ಟೇಪು ಕೊಳೆತ ದಾರದಂತೆ ಕೈಗೆ ಬಂತು. ಚಪ್ಪಟೆಯಾಗಿದ್ದ ರಿಂಗನ್ನು ಕಿತ್ತು, ಒಂದೊಂದು ಚೂರು ಟೇಪನ್ನೂ ಕಡ್ಡಿಯಿಂದ ಕೆದಕಿ ತೆಗೆದು, ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿದೆ. ನಟ್ಟನ್ನು ಮೊದಲು ಬರಿಗೈಯಲ್ಲೇ ತಿರುಗಿಸಬೇಕು, ಅಡ್ಡ ಬಿದ್ದರೆ ಬಲ ಹಾಕಬಾರದು ಅಂತ ನೀನು ಹೇಳಿದ್ದು ನೆನಪಿತ್ತು. ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಇಂಜಿನ್ ಹಾಕದೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸುತ್ತ, ಗುಳ್ಳೆ ನಿಲ್ಲುವವರೆಗೂ ಎಣ್ಣೆ ತುಂಬಿದೆ.

ನಿನ್ನೆ ಸಂಜೆ ಟೇಪಿನ ಚೂರುಗಳನ್ನು ಅಂಗೈಯಲ್ಲಿ ಹಿಡಿದು ಅಪ್ಪನ ಎದುರು ನಿಂತೆ. ಇದು ನಾನು ಸುತ್ತಿದ್ದು ಅಪ್ಪ, ಅಣ್ಣನ ತಪ್ಪಿರಲಿಲ್ಲ ಅಂದೆ. ಇಷ್ಟು ಹೇಳಲು ಆರು ವರ್ಷ ಮತ್ತು ಎರಡು ಲೋಟ ನೀರು ಬೇಕಾಯಿತು. ಅಪ್ಪ ಟೇಪನ್ನು ಮುಟ್ಟಲೂ ಇಲ್ಲ.

"ಗೊತ್ತು" ಅಂದರು.

ಆರು ವರ್ಷದ ಹಿಂದೆ, ನೀನು ಬಸ್ ಹತ್ತಿ ಹೋದ ಆ ವಾರವೇ, ಬಿಚ್ಚಿ ಸರಿ ಮಾಡೋಣ ಅಂತ ಅವರು ಕೆಳಗೆ ಮಲಗಿದ್ದರಂತೆ. ನಟ್ಟಿನ ಅಂಚಿನಲ್ಲಿ ಟೇಪಿನ ತುದಿ ಕಂಡಿತಂತೆ. "ಉಲ್ಟಾ ಸುತ್ತಿತ್ತು. ಎಡಗೈ ಸುತ್ತು. ಈ ಮನೇಲಿ ಎಡಗೈಯವಳು ಒಬ್ಳೇ ಅಲ್ವಾ?" ಅಂದರು. ಮತ್ತೆ ಏಕೆ ಬಿಚ್ಚಲಿಲ್ಲ ಅಂತ ಕೇಳಿದೆ. "ಬಿಚ್ಚಿದ್ರೆ ಟೇಪು ಸುತ್ತಿದ್ದು ಯಾರು ಅಂತ ಎಲ್ರಿಗೂ ಗೊತ್ತಾಗ್ತಿತ್ತು. ನೀನು ಅಳ್ತಿದ್ದೆ. ನಾನು ನಿಮ್ಮಣ್ಣನ ಹತ್ರ ಹೋಗಿ ತಪ್ಪಾಯ್ತು ಅನ್ಬೇಕಿತ್ತು, ಅದಕ್ಕೆ ನಂಗೆ ಬಾಯಿ ಬರಲಿಲ್ಲ" ಅಂದರು.

ಈ ಬಾಯಿ ನನಗೆ ಯಾರಿಂದ ಬಂತು ಅಂತ ಆಗ ಗೊತ್ತಾಯಿತು ಅಣ್ಣ.

ಅದಕ್ಕೇ ಅವರು ಬೇರೆ ಮೆಕ್ಯಾನಿಕ್ಕುಗಳಿಗೂ ವ್ಯಾನು ಮುಟ್ಟಲು ಬಿಡುತ್ತಿರಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಬಾಟಲಿ ಹಿಡಿದು ಹೋಗಿ ಕಮ್ಮಿಯಾದಷ್ಟು ಎಣ್ಣೆ ಹಾಕಿ ಬರುತ್ತಿದ್ದರು. ನಾನು ಜಿಪುಣತನ ಅಂದುಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು, "ಅಪ್ಪ ಮಗಳು ಒಂದೇ ಕಲ್ಲು ನುಂಗಿ ಕೂತಿದ್ರಾ? ನಾನು ಸುಮ್ಮನೆ ಸವತಿಗೆ ಬೈದಿದ್ದೇ ಬಂತು!" ಅಂದಳು. ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಉಜ್ಜಿದಳು.

ನನ್ನನ್ನು ಕ್ಷಮಿಸು ಅಂತ ಕೇಳಲು ನಾಚಿಕೆಯಾಗುತ್ತದೆ. ಬಂದು ಬೈದರೂ ಸರಿ, ಬಾ. ನಟ್ಟು ಸರಿಯಾಗಿ ಕೂತಿದೆಯಾ ಅಂತ ನೀನು ಒಂದು ಸಲ ಕೈಯಿಟ್ಟು ನೋಡಬೇಕು. ಗುಜರಿಯವನಿಗೆ ಸೋಮವಾರ ಬರಬೇಡ ಅಂತ ಅಪ್ಪ ಹೇಳಿ ಕಳಿಸಿದ್ದಾರೆ. ಯಾಕಪ್ಪ ಅಂದರೆ, "ಅವತ್ತು ಗಾಡಿ ರಿಪೇರಿ ಮಾಡಿದವನು ಬಂದು ನೋಡ್ಲಿ" ಅಂದರು.

ಈಗ ಬೆಳಿಗ್ಗೆ ವ್ಯಾನಿನ ಕೆಳಗಿನಿಂದ ರಟ್ಟು ಎಳೆದು ನೋಡಿದೆ. ಒಂದು ಹನಿ ಇಲ್ಲ. ಅಪ್ಪ ಅಭ್ಯಾಸಬಲದಿಂದ ಎಣ್ಣೆ ಬಾಟಲಿ ಹಿಡಿದು ಬಂದವರು, ರಟ್ಟು ನೋಡಿ, ತೆಗೆದ ಮುಚ್ಚಳವನ್ನು ಮತ್ತೆ ಹಾಕಿದರು.

ನಿನ್ನ ತಂಗಿ,
ವಾಷರ್
(ಈ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಇಟ್ಟವನು ನೀನು, ನೀನೇ ಬಂದು ಕರೆಯಬೇಕು.)

ತಾ.ಕ.: ಲಕೋಟೆಯಲ್ಲಿ ಒಂದು ರಟ್ಟಿನ ತುಂಡು ಇದೆ, ಎಸೆಯಬೇಡ. ಇವತ್ತಿನ ಒಣ ರಟ್ಟಿನದೇ ಅದು. ಲಕೋಟೆ ಅಂಟಿಸಬೇಕು ಅನ್ನುವಷ್ಟರಲ್ಲಿ ಅಪ್ಪ ಕತ್ತರಿಸಿ ತಂದು ಕೊಟ್ಟರು. ಪೈಪಿಗೆ ಗುರುತು ಹಾಕುವ ಪೆನ್ಸಿಲಿನಲ್ಲಿ 'ನೀನು ಹಾಕಿದ್ದು ಸೋರಿರಲಿಲ್ಲ' ಅಂತ ಬರೆದಿದೆ. ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿದೆ ನೋಡು. ಅದು ನನ್ನದಲ್ಲ.