ಕ್ಯಾಮೆರಾ ಮುಂದೆ ಬಂದ ತವರ ಸೀರೆ

ಹಲಬರ್ಗಾ
ಏಪ್ರಿಲ್ ೯, ಬುಧವಾರ

ತನ್ನ ಆಯಿಯನ್ನು ಅಂಗಳದಲ್ಲಿ ಹೆಣ ಮಾಡಿ ಮಲಗಿಸಿದ ಮೊಮ್ಮಗಳು ಕಾಜಲಳಿಗೆ, ಇನ್ನೂ ಉಸಿರಾಡುತ್ತಿರುವ ಅದೇ ಆಯಿ ಮಾಡುವ ಆಶೀರ್ವಾದ.

ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಕೆಲಸದ ಮಾತು ಬರುವಷ್ಟರಲ್ಲಿ ರೇಂಜ್ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಚಿಂತಾಕಿ ಸಾಲಿಯಲ್ಲಿ ನಾಲ್ಕನೇ ಇಯತ್ತೆ ತನಕ ಕಲಿತದ್ದು ಈ ವಯಸ್ಸಿಗೆ ಹೀಗೆ ಉಪಯೋಗಕ್ಕೆ ಬಂತು. ನಾಳೆ ಕುತುಬೋದ್ದೀನನ ಗಾಡಿ ಕಡಲೆ ಚೀಲ ಹೇರಿಕೊಂಡು ಬೀದರಕ್ಕೆ, ಗಾಂಧಿ ಗಂಜ್ ಮಾರುಕಟ್ಟೆಗೆ ಹೋಗುತ್ತದೆ. ನಿನ್ನ ಹಾಸ್ಟೆಲಿಗೆ ಮುಟ್ಟಿಸು ಅಂತ ಹೇಳಿದ್ದೇನೆ. ಶನಿವಾರದ ಒಳಗೆ ಇದು ನಿನ್ನ ಕೈಗೆ ಬರಬೇಕು. ಶನಿವಾರ ನಿಮ್ಮ ಕಾಲೇಜಿನ ಹಾಲಿನಲ್ಲಿ, ನನ್ನ ತಮ್ಮ ಅಳುವುದನ್ನು ಪರದೆ ಹಾಕಿ ಎಲ್ಲರಿಗೂ ತೋರಿಸುತ್ತೀರಂತೆ.

ನೀನು ಕೇಳಿದ್ದು ಎರಡು ಮಾತು. ಸಿನಿಮಾದ ಆರಂಭ ಮಾಡಿ ಏನು ಕಲಿತಿರಿ, ಅದನ್ನು ಬರೆದುಕೊಡಿ ಎಂದು ಮಾಸ್ತರರು ಹೇಳಿದ್ದಾರೆ, ಏನು ಬರೀಲಿ ಅಂತ ಒಂದು. ಆ ಭಾಗ ಇಡಲೋ ತೆಗೆಯಲೋ ಅಂತ ಇನ್ನೊಂದು. ಮಾಸ್ತರರು ಇಡು ಅಂದರಂತೆ. ಇಂಥ ಖರೇ ಅಳು ಯಾವ ನಟನೂ ಅಳಲಾರ ಅಂದರಂತೆ. ಅಳಲಾರ, ಹೌದು. ನಟನಿಗೆ ಸಂಜೆ ಮನೆಗೆ ಹೋಗುವುದಿರುತ್ತದೆ.

ಮೊದಲು ನಿನ್ನ ಸಿನಿಮಾದ ಮಾತು. ಒಬ್ಬ ಮುದುಕಿ ಸತ್ತಿರುತ್ತಾಳೆ, ಕೊಂದವರು ಯಾರು ಎಂಬುದು ಮುಂದಿನ ಕಥೆ, ನಾವು ಮಾಡುವುದು ಮೊದಲ ಎರಡು ನಿಮಿಷ ಮಾತ್ರ ಅಂತ ನೀನು ಹೇಳಿದಿ. ಹಾಗಾದರೆ ಮುಂದಿನದು ಯಾರು ಮಾಡುತ್ತಾರೆ ಅಂತ ನಾನು ಕೇಳಿದೆ. "ಯಾರೂ ಮಾಡಂಗಿಲ್ಲ ಆಯಿ, ಆರಂಭಕ್ಕಷ್ಟ ಮಾರ್ಕ್ಸ್" ಅಂದಿ. ಆಗಲೇ ನಾನು ಎದ್ದು ಹೋಗಬೇಕಿತ್ತು. ಹೆಣ ಅಂಗಳದಲ್ಲಿ ಬಿಟ್ಟು ಊಟಕ್ಕೆ ಹೋಗುವವರ ಕೂಡ ನನಗೇನು ವ್ಯವಹಾರ?

ಆದರೂ ಮಲಗಿದೆ. ನೀನು ಕೇಳಿದ್ದಿ, ಅದಕ್ಕೆ. ಮೂಗಿಗೆ ಹತ್ತಿ ಇಟ್ಟಿರಿ, ಮಾರಿಗೆ ಬೂದಿ ಬಣ್ಣದ ಪೌಡರು ಹಚ್ಚಿದಿರಿ, ಓಣಿಯ ಹೆಂಗಸರನ್ನು ಸುತ್ತ ಕೂಡಿಸಿದಿರಿ. ಸಿದ್ದೇಶ್ವರಿ ತನ್ನ ಅತ್ತೆ ಸತ್ತಾಗ ಹನಿ ಕಣ್ಣೀರು ಹಾಕಿದವಳಲ್ಲ, ಕ್ಯಾಮೆರಾ ಕಂಡದ್ದೇ ಎದೆ ಬಡಿದುಕೊಂಡು ಅತ್ತಳು. ನಡುವೆ ನನ್ನ ಕಿವಿಗೆ ಬಗ್ಗಿ, "ಕಾಕು, ನನ್ನ ಮಾರಿ ಬರ್ಲಿಕತ್ತದಿಲ್ಲೋ ನೋಡ್ರಿ" ಅಂದಳು. ಹೆಣಕ್ಕೆ ಕೇಳುವ ಮಾತೇ ಅದು? ನಾನು ನಕ್ಕೆ, ನೀನು ಸಿಟ್ಟಾಗಿ ಕಟ್ ಅಂದಿ. ಹಾಗೇ ಮಾಡುತ್ತ ಬಿಸಿಲು ಇಳಿಯಿತು, ಉಳಿದದ್ದು ನಾಳೆ ಅಂದಿ. ಆ ಸಂಜೆ ನನ್ನ ಹೆಣದ ಒಂದು ತುಣುಕು ನಿನ್ನ ಸ್ಟೇಟಸ್ಸಿಗೆ ಹಾಕಿದಿ. ಇದು ಸಿನಿಮಾ ಎಂದು ಕೆಳಗೆ ಒಂದು ಸಾಲು ಬರೆಯಬೇಕಿತ್ತಲ್ಲ ಅಂತ ಆಮೇಲೆ ಕೇಳಿದಾಗ, ಬರೆದರೆ ನೋಡುವವರ ಕುತೂಹಲ ಹೋಗುತ್ತದೆ ಅಂದಿ.

ಆ ತುಣುಕು ಒಬ್ಬರಿಂದ ಒಬ್ಬರಿಗೆ ದಾಟಿ, ಭಾಲ್ಕಿಯಿಂದ ಔರಾದಕ್ಕೆ, ಔರಾದದಿಂದ ಚಿಂತಾಕಿಗೆ, ನನ್ನ ತಮ್ಮ ಧೊಂಡಿಬಾನ ಮನೆ ಮುಟ್ಟಿತು.

ಧೊಂಡಿಬಾನನ್ನು ನೀನು ಅದಕ್ಕೂ ಮೊದಲು ನೋಡಿರಲಿಲ್ಲ. ನಮ್ಮವರಲ್ಲಿ ಮಗಳನ್ನು ತಮ್ಮನ ಮನೆಗೆ ಕೊಡುವುದು ಕೇಳುವ ಮಾತೇ ಅಲ್ಲ, ಅದು ಅವನ ಹಕ್ಕು. ಅವನ ಮಗ ಮಲ್ಹಾರಿಗೆ ನಿನ್ನ ಅವ್ವ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ನಿನ್ನ ಅವ್ವ ದೊಡ್ಡವಳಾದ ಮೇಲೆ, ಸಾಲಿ ಬಿಟ್ಟು ಕುರಿ ಹಿಂದೆ ಹೋಗುವುದಿಲ್ಲ ಎಂದಳು. ನಾನು ಅವಳ ಕಡೆ ನಿಂತೆ. ಧೊಂಡಿಬಾ ಇದೇ ಅಂಗಳಕ್ಕೆ ಬಂದು, ಕೂಡ್ರು ಅಂದರೂ ಕೂಡ್ರದೆ, "ಅಕ್ಕಾ, ಇವತ್ತಿಗಿ ನಿನಗ ತವರು ತೀರ್ತು. ನಾಳಿ ನೀ ಸತ್ತರೂ ನನ್ನ ಮನಿಯಿಂದ ಸೀರಿ ಬರಂಗಿಲ್ಲ" ಎಂದು ಹೇಳಿ ಹೋದ. ಹೆಣ್ಣು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು, ಅದು ಬರುವ ತನಕ ಹೆಣ ಎತ್ತುವುದಿಲ್ಲ. ಹಾಗಿರುವಾಗ ಆ ಮಾತು ಎಷ್ಟು ದೊಡ್ಡದು ನೀನೇ ತೂಗು. ನಿನ್ನ ಅವ್ವನ ಮದುವೆಗೆ ಅವನು ಬರಲಿಲ್ಲ. ನನ್ನ ಗಂಡ, ನಿನ್ನ ಮುತ್ಯಾ, ತೀರಿಕೊಂಡಾಗಲೂ ಬರಲಿಲ್ಲ.

ನೀನು ತುಣುಕು ಹಾಕಿದ ಮರುದಿನ ನಾನು ಮತ್ತೆ ಹೆಣವಾಗಿ ಮಲಗಿದ್ದೆ. ನಿನ್ನ ಗೆಳತಿ ಅಂಬರೀನ ಕ್ಯಾಮೆರಾ ಚಾಲೂ ಮಾಡಿದ್ದಳು. ಕಾಲಿನ ಜೋಡು ಎಳೆಯುತ್ತ ಯಾರೋ ಬಂದ ಸಪ್ಪಳ ಕೇಳಿತು. ಇನ್ನೊಬ್ಬರನ್ನು ಅಳಲಿಕ್ಕೆ ಕರೆಸಿದ್ದೀ ಅಂದುಕೊಂಡೆ. ಆಮೇಲೆ ನನ್ನ ಪಾದದ ಮೇಲೆ ಒಂದು ತಲೆ ಬಂದು ಬಿತ್ತು. "ಅಕ್ಕಾ, ಟೊಂಕದ ಮ್ಯಾಲ ಹೊತ್ತು ಬೆಳೆಸಿದಿ. ನನಗೊಂದ ಮಾತು ಹೇಳಲಾರದ ಹೋದೇನ" ಅಂದಿತು ಆ ದನಿ. ಮೊದಲ ಅಕ್ಕಾಗೇ ಗುರುತು ಹಿಡಿದೆ.

ಕಣ್ಣು ತೆಗೆಯಬಹುದಿತ್ತು. ಮೊಮ್ಮಗಳು ಕಟ್ ಅನ್ನಲಿಲ್ಲ, ಅದಕ್ಕೆ ಅಲುಗಾಡಲಿಲ್ಲ ಎಂದು ಊರವರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಅದು ಖರೇ ಅಲ್ಲ. ಇಷ್ಟು ವರ್ಷ ಕೇಳದ ಕರೆ, ಇನ್ನೊಂದು ಸಲ ಕರೆಯಲಿ ಅಂತ ಮಲಗಿದೆ. ಅವನು ಕರೆದ. ಮತ್ತೊಂದು ಸಲ ಅಂತ ಮಲಗಿದೆ. ಮತ್ತೂ ಕರೆದ. ನನಗೆ ಸಾಕಾಗಲಿಲ್ಲ.

ಅಷ್ಟರಲ್ಲಿ ನಿನ್ನ ಜೊತೆ ಕಲಿಯುವ ಆ ವಿಶ್ವಾಸ ಚಪ್ಪಾಳೆ ತಟ್ಟಿದ. "ಭಾರಿ ಮಾಡಿದ್ರಿ ಅಜ್ಜಾ, ಒಂದ ಟೇಕಿನ್ಯಾಗ ಓಕೆ" ಅಂದ. ಅವನದು ತಪ್ಪಲ್ಲ, ನೀನು ಎಲ್ಲಿಂದಲೋ ಒಳ್ಳೆಯ ನಟನನ್ನು ತಂದಿದ್ದೀ ಎಂದು ತಿಳಿದಿದ್ದ. ನನ್ನ ಕಾಲ ಮೇಲಿನ ಭಾರ ಹಗುರಾಯಿತು. ಆಗ ಕಣ್ಣು ತೆಗೆದೆ. ಧೊಂಡಿಬಾ ನನ್ನನ್ನು ನೋಡಿದ, ಕ್ಯಾಮೆರಾ ನೋಡಿದ, ಚಪ್ಪಾಳೆ ಹೊಡೆದ ಕೈ ನೋಡಿದ. ಅಳು ಅಷ್ಟರಲ್ಲಿ ನಿಂತಿತ್ತು. ನಾನು ಕಂಡದ್ದು ಮಾನ ಹೋದವನ ಮಾರಿ ಮಾತ್ರ.

ಅವನು ತಂದ ಗಂಟು ಬಿಚ್ಚಿಕೊಂಡು ಸೀರೆ ಹೊರಗೆ ಬಿದ್ದಿತ್ತು. ಹಸಿರು ಸೀರೆ. "ಗಂಡಿಲ್ಲದಾಕಿಗಿ ಹಸರ ತಂದಾನಲ್ಲೇ" ಎಂದು ಸಿದ್ದೇಶ್ವರಿ ಪಕ್ಕದವಳಿಗೆ ಅಂದದ್ದು ಎಲ್ಲರಿಗೂ ಕೇಳಿತು. ಯಾರೋ ನಕ್ಕರು. ನನಗೂ ನಾಚಿಕೆಯಾಯಿತು, ನನ್ನ ನಾಚಿಕೆ ಯಾವಾಗಲೂ ನಾಲಿಗೆಗೆ ಹೋಗುತ್ತದೆ. "ಬಿಳೀದು ತರಬೇಕಂತ ತಿಳೀಲಿಲ್ಲೇನೋ ಧೊಂಡ್ಯಾ" ಅಂದೆ. ನೀನು ಚರಿಗೆಯಲ್ಲಿ ತಂದ ನೀರು ಅವನು ಮುಟ್ಟಲಿಲ್ಲ. ಸೀರೆ ಬಿದ್ದಲ್ಲೇ ಬಿಟ್ಟು, ಜೋಡು ಮೆಟ್ಟಿ, ಆ ಬಿಸಿಲಿನಲ್ಲಿ ಬಂದ ದಾರಿಯಲ್ಲೇ ಹೋದ. ನಾನು ಅವನಿಗೆ ಆಡಿದ ಕೊನೆಯ ಮಾತು ಅದು.

ಅದೇ ವಾರ ಶನಿವಾರ ಕುರಿ ಹಟ್ಟಿಯಲ್ಲಿ ಕೂತಲ್ಲೇ ತೀರಿಕೊಂಡ. "ಅತ್ತಿ, ನಿನ್ನ ಮೊಮ್ಮಗಳು ನಮ್ಮಪ್ಪನ ಕಡಿಂದ ನಾಟಕ ಮಾಡಿಸಿ ಕೊಂದಾಳ. ಬರಬ್ಯಾಡ" ಎಂದು ಮಲ್ಹಾರಿ ಫೋನಿನಲ್ಲಿ ಹೇಳಿದ. ನಾನು ಹೋದೆ. ಬಾಗಿಲಲ್ಲಿ ನಿಂತೆ. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಳಗೆ ಹೋಗಿ ಅವನ ಬಾಯಿಗೆ ನೀರು ಬಿಟ್ಟೆ. ನನ್ನ ಹಾಗೆ ಕಣ್ಣು ಮುಚ್ಚಿ ಮಲಗಿದ್ದ. ನಾನೂ ಮೂರ್ನಾಲ್ಕು ಸಲ ಕರೆದೆ. ಅವನು ನನ್ನ ಹಾಗೆ ಮೋಸ ಮಾಡುವವನಲ್ಲ.

ನಾನೇ ಕೊಂದೆನಾ ಆಯಿ ಅಂತ ಕೇಳುತ್ತೀ. ಡಾಕ್ಟರು ಗುಂಡಿಗೆ ಅಂದರು, ಚಿಂತಾಕಿಯವರು ನಾಚಿಕೆ ಅಂದರು. ನಿನ್ನ ಪಾಲಿಲ್ಲ ಎಂದು ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಪೂರಾ ನಿನ್ನದೇ ಅನ್ನಲಿಕ್ಕೂ ಬರುವುದಿಲ್ಲ, ಯಾಕೆಂದರೆ ನನ್ನ ನಾಲಿಗೆಗೂ ಅದರಲ್ಲಿ ಪಾಲಿದೆ. ಆದರೆ ಕಾಲೇಜು ಬಿಡುತ್ತೇನೆ ಎಂಬ ಮಾತು ಇನ್ನೊಮ್ಮೆ ಆಡಿದರೆ, ಬೀದರಕ್ಕೆ ಬಂದು ಎಲ್ಲರ ಮುಂದೆ ಕಪಾಳಕ್ಕೆ ಕೊಡುತ್ತೇನೆ. ನಿನ್ನ ಅವ್ವ ಕಲಿಯಲಿ ಎಂದು ನಾನು ತವರು ಕಳೆದುಕೊಂಡವಳು. ಅದನ್ನು ನೀನು ಅಗ್ಗ ಮಾಡಬೇಡ.

ಇನ್ನು ನಿನ್ನ ಎರಡು ಮಾತಿಗೆ ಉತ್ತರ. ಆ ಭಾಗ ತೆಗೆ. ಅವನ ಕಾಲು ಕಾಣುವ ಮೊದಲೇ ಕತ್ತರಿಸು, ಜೋಡಿನ ಸಪ್ಪಳವೂ ಇರಬಾರದು. ಅವನು ಅತ್ತದ್ದು ನನ್ನ ಮುಂದೆ, ಕಾಲೇಜಿನ ಜನರ ಮುಂದಲ್ಲ. ಮಾಸ್ತರರು ಮಾರ್ಕ್ಸ್ ಕಡಿಮೆ ಕೊಟ್ಟರೆ ಕೊಡಲಿ. ಬರವಣಿಗೆಯಲ್ಲಿ, ಬೆಳಕು ಹೇಗೆ ಹಿಡಿದಿರಿ, ಕ್ಯಾಮೆರಾ ಎಲ್ಲಿ ಇಟ್ಟಿರಿ ಎಂಬುದೆಲ್ಲ ಬರೆ. ಕಡೆಗೆ, ಇದು ಸಿನಿಮಾ ಎಂದು ಒಂದು ಸಾಲು ಬರೆಯಬೇಕಿತ್ತು, ಕುತೂಹಲ ಹೋಗುತ್ತದೆಂದು ಬರೆಯಲಿಲ್ಲ, ಅದರಿಂದ ಹೀಗಾಯಿತು ಎಂದು ಬರೆ. ಅದನ್ನು ಮಾತ್ರ ಬಿಡಬೇಡ.

ಆದರೆ ಕತ್ತರಿಸಿದ್ದನ್ನು ಅಳಿಸಬೇಡ, ಇಲ್ಲಿಗೆ ತಾ. ನಾನು ಕಣ್ಣು ಮುಚ್ಚಿದ್ದೆ. ತಮ್ಮ ನನಗಾಗಿ ಅತ್ತ ಮಾರಿಯನ್ನು ನೀವೆಲ್ಲ ನೋಡಿದಿರಿ, ಸಿದ್ದೇಶ್ವರಿ ಸಹ ನೋಡಿದಳು, ನಾನೊಬ್ಬಳು ನೋಡಲಿಲ್ಲ. ನನಗೆ ಒಂದು ಸಲ ತೋರಿಸು. ಆಮೇಲೆ ಅದು ಮಲ್ಹಾರಿಗೆ ಸೇರಿದ್ದು. ಅವನು ಇಡು ಅಂದರೆ ಇಡು, ಅಳಿಸು ಅಂದರೆ ಅಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ಪುತಳಾಬಾಯಿ

ತಾ.ಕ.: ಇದನ್ನು ಮೇಲೆ ಬರೆಯಲಿಕ್ಕೆ ಕೈ ಏಳಲಿಲ್ಲ. ಚಿಂತಾಕಿಯಲ್ಲಿ ಧೊಂಡಿಬಾನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. ಆ ಸೀರೆ ಅವನು ಅವಸರದಲ್ಲಿ ಕೊಂಡದ್ದಲ್ಲ. ನನ್ನ ಅಂಗಳದಲ್ಲಿ ನಿಂತು ಸೀರೆ ಬರುವುದಿಲ್ಲ ಎಂದು ಹೋದನಲ್ಲ, ಅದೇ ವರ್ಷ ಭಾಲ್ಕಿಯಲ್ಲಿ ಕೊಂಡು ಟ್ರಂಕಿನಲ್ಲಿ ಇಟ್ಟಿದ್ದನಂತೆ. ಪ್ರತಿ ನಾಗರಪಂಚಮಿಗೆ ತೆಗೆದು ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು ಮತ್ತೆ ಮಡಚುತ್ತಿದ್ದನಂತೆ. ಕೊಂಡಾಗ ನಿನ್ನ ಮುತ್ಯಾ ಇದ್ದರು, ನಾನು ಮುತ್ತೈದೆ. ಅದಕ್ಕೇ ಹಸಿರು. ನಾನು ಸತ್ತ ದಿನ ಓಣಿಯವರು ಆ ಬಣ್ಣ ನನಗೆ ಸಲ್ಲದು ಎಂದು ತಡೆಯುತ್ತಾರೆ. ನೀನು ಮುಂದೆ ನಿಂತು ಅದನ್ನೇ ಉಡಿಸು. ಅವತ್ತು ಕ್ಯಾಮೆರಾ ತರಬೇಡ.