ಕಣ್ಣಿನ ಬೊಗಸೆ

ಅಮ್ಮಾ,

ಇವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಹನಿಯಂತೆ ಕೆಳಕ್ಕೆ ಇಳಿದಿರುವ ನನ್ನ ಕಣ್ಣಿನ ಪಾಪೆಯನ್ನು ನೋಡಿ, ಅವರು ಎರಡೂ ಅಂಗೈ ಜೋಡಿಸಿ ತೋರಿಸಿದರು.

“ಕಣ್ಣು ಮೊದಲು ಮೆದುಳಿಂದ ಮೊಗ್ಗಿನ ಹಾಗೆ ಹೊರಗೆ ಬರತ್ತೆ. ಆಮೇಲೆ ಒಳಕ್ಕೆ ಮಡಚಿಕೊಂಡು ಹೀಗೆ ಬೊಗಸೆ ಆಗತ್ತೆ. ಅಡೀಲಿರೋ ಈ ಸೀಳು ತಾನಾಗೇ ಕೂಡ್ಕೋಬೇಕು. ನಿಮ್ಮದು ಕೂಡ್ಕೊಂಡಿಲ್ಲ, ಅಷ್ಟೇ.”

ಆಗ ನಾನು ಎಷ್ಟು ದೊಡ್ಡವಳಿದ್ದೆ ಎಂದು ಕೇಳಿದೆ. ಕಿರುಬೆರಳಿನ ಉಗುರು ತೋರಿಸಿದರು. ಅಷ್ಟು ಪುಟ್ಟ ಮೈಯಲ್ಲಿ, ಆ ಕತ್ತಲಲ್ಲಿ, ಯಾರೂ ಹೇಳಿಕೊಡದೆ, ಬೆಳಕಿಗೆಂದು ಎರಡು ಬೊಗಸೆ!

“ಆರನೇ ತಿಂಗಳಲ್ಲಿ ಅಮ್ಮ ಬಟ್ಟೆಗಂಟು ಹೊತ್ಕೊಂಡು ಲಾಂಡ್ರಿ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ರಂತೆ,” ಎಂದೆ.

“ಅಯ್ಯೋ, ಇದು ಎರಡನೇ ತಿಂಗಳ ಮಾತು. ನೀವು ಹೊಟ್ಟೇಲಿದೀರಿ ಅಂತ ಅವರಿಗೆ ಆಗಿನ್ನೂ ಗೊತ್ತಿತ್ತೋ ಇಲ್ವೋ! ಹೋಗಿ ಅವರಿಗೆ ಹೇಳಿ.”

ನೀನು ಈಗ ಬದುಕಿಲ್ಲ ಎನ್ನಲಿಲ್ಲ, ಹೂಂ ಎಂದು ಎದ್ದೆ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. “ನಾನು ಬಿದ್ದಿದ್ದಕ್ಕೇ ಕಣೇ ಹೀಗಾಗಿದ್ದು” ಎನ್ನುತ್ತ ನೀನು ಬೀದಿಯಲ್ಲಿ ಯಾವಾಗಲೂ ಬಿಸಿಲು ಬರುವ ಮಗ್ಗುಲಲ್ಲೇ ನಡೆಯುತ್ತಿದ್ದೆ, ನಿನ್ನ ನೆರಳು ನನ್ನ ಮುಖಕ್ಕೆ ಬೀಳಲೆಂದು.

ಇವತ್ತೂ ಆ ಕಡೆ ನಿನಗೆ ಜಾಗ ಬಿಟ್ಟೇ ಮನೆತನಕ ನಡೆದೆ.